ಸದ್ದಿಲ್ಲದ ಫ್ಯಾನು

ರಿಪೇರಿಯವನು ಕಂಪ್ಯೂಟರಿಗೆ ಹೊಸ ಫ್ಯಾನು ಕೂರಿಸಿ, ಪರೀಕ್ಷೆಗೆಂದು ಒಟ್ಟಿಗೆ ಹತ್ತು ವಿಡಿಯೊ ಓಡಿಸಿದ. ಅದು ಹ್ಯಾಂಗ್ ಆಗಲಿಲ್ಲ, ಸದ್ದನ್ನೂ ಮಾಡಲಿಲ್ಲ.

“ಹಳೇ ಫ್ಯಾನಲ್ಲಿ ಧೂಳು ಕಟ್ಟಿತ್ತು ಅಮ್ಮಾ. ಭಾರದ ಕೆಲಸ ಕೊಟ್ರೆ ಬಿಸಿಯಾಗಿ ನಿಂತುಬಿಡ್ತಿತ್ತು. ಅಂದ ಹಾಗೆ, ಇದರಲ್ಲಿ ಅಂಥದ್ದೇನು ಮಾಡ್ತೀರಿ?”

ಮನೆಯಾಕೆ ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಟ್ಟರು, ಮಲಗಿದವರ ಎದೆ ಮುಟ್ಟಿ ನೋಡುವ ಹಾಗೆ.

“ಕೆಲಸ ಏನೂ ಇಲ್ಲಪ್ಪ. ರಾತ್ರಿ ನಾನೂ ಹೀಗೇ ಹತ್ತು ವಿಡಿಯೊ ಹಾಕಿದ್ರೆ ಏದುಸಿರು ಬಿಡ್ತಿತ್ತು. ನಮ್ಮನೆಯವರು ಕೊನೆಕೊನೆಗೆ ಹಂಗೇ ಉಸಿರಾಡ್ತಿದ್ರು. ಅದನ್ನ ಕೇಳ್ತಾ ಇದರ ಪಕ್ಕದಲ್ಲೇ ಮಲಗ್ತಿದ್ದೆ.”

ರಿಪೇರಿಯವನ ಕಣ್ಣು ಕಸದಬುಟ್ಟಿಯಲ್ಲಿದ್ದ ಹಳೇ ಫ್ಯಾನಿನ ಮೇಲೆ ಬಿತ್ತು. “ಮತ್ತೆ ನನ್ನನ್ಯಾಕೆ ಕರೆಸಿದ್ರಿ?”

“ಆ ಉಸಿರು ದಿನಾ ನಡುವೆ ನಿಂತುಬಿಡ್ತಿತ್ತಲ್ಲ. ಅದೊಂದು ಆಗದ ಹಾಗೆ ಮಾಡ್ತೀಯೇನೋ ಅಂತ.”