ಸೊನ್ನೆ ಬಂದ ಮನೆ

ನರ್ಸ್ ಮನೆಗೆ ಹೋಗಿ ಆರೈಕೆ ಮಾಡಿದಷ್ಟೂ ರೋಗಿಗಳು ಬೇಗ ಎದ್ದು ಓಡಾಡುತ್ತಾರೆಯೇ ಎಂದು ಅಳೆಯಲು ಹೊರಟಿದ್ದ ಸಂಖ್ಯಾಶಾಸ್ತ್ರದ ಪ್ರೊಫೆಸರ್ ಕಡಕೋಳರಿಗೆ ಈ ಓರಗಿತ್ತಿಯರು ಹೇಳಿ ಮಾಡಿಸಿದಂತಿದ್ದರು. ಒಂದೇ ಓಣಿಯ ಎರಡು ತುದಿಗೆ ಮನೆ, ಇಬ್ಬರಿಗೂ ಒಂದೇ ವಾರ ಮೊಣಕಾಲಿನ ಆಪರೇಷನ್. ಚೀಟಿ ಎತ್ತಿದಾಗ ಹಿರಿಯಳಾದ ಈರವ್ವನಿಗೆ ದಿನಾಲೂ ನರ್ಸ್ ಬರುವ ಚೀಟಿ ಬಂತು, ಕಿರಿಯಳಾದ ಬಸಲಿಂಗವ್ವನಿಗೆ ಸೊನ್ನೆ.

"ಅಕ್ಕಗ ದಿನಾ, ನನಗ ಒಂದಿನಾನೂ ಇಲ್ಲೇನ್ರಿ?" ಎಂದಳು ಬಸಲಿಂಗವ್ವ.

"ಸೊನ್ನೆ ಇಲ್ಲಂದ್ರ ಯಾವುದಕ್ಕ ಹೋಲಿಸಿ ನೋಡೂದ್ರಿ ಅಮ್ಮಾರ?" ಎಂದು ಪ್ರೊಫೆಸರರು ತಿಳಿಹೇಳಿದರು.

ಮೂರು ತಿಂಗಳು ಬಿಟ್ಟು ಬಂದರೆ, ಈರವ್ವ ನರ್ಸಿನ ಭುಜಕ್ಕೆ ಜೋತುಬಿದ್ದು ಬಚ್ಚಲಿಗೆ ಹೋಗುತ್ತಿದ್ದಳು. ಬಸಲಿಂಗವ್ವ ಸೆರಗು ಸಿಕ್ಕಿಸಿಕೊಂಡು ಓಣಿಯಲ್ಲಿ ದಾಪುಗಾಲು ಹಾಕುತ್ತಿದ್ದಳು. ಕಡಕೋಳರು ಯಾವ ಸೂತ್ರ ಹಾಕಿದರೂ ಬಂದ ಉತ್ತರ ಒಂದೇ: ಆರೈಕೆ ಹೆಚ್ಚಾದಷ್ಟೂ ಕಾಲು ಕೆಡುತ್ತದೆ. ಅಂಕಿಗಳ ಮಾತು ಮೀರುವ ಮನುಷ್ಯ ಅವರಲ್ಲ. ಅಂದೇ ಈರವ್ವನ ನರ್ಸನ್ನು ಬಿಡಿಸಿದರು.

ಮುಂದಿನ ತಿಂಗಳು ಈರವ್ವ ಗೋಡೆ ಹಿಡಿದು ತಾನೇ ನಡೆಯುತ್ತಿದ್ದಳು. ಕಡಕೋಳರು ಮೀಸೆಯಲ್ಲೇ ನಗುತ್ತ ಓಣಿಯ ಆ ತುದಿಗೆ ಹೋದರು. ಅಲ್ಲಿ ಬಸಲಿಂಗವ್ವ ಕೌದಿ ಹೊದ್ದು ಮಲಗಿದ್ದಳು.

"ಏನಾತ್ರಿ ಅಮ್ಮಾರ? ನಿಮಗ ನಾವೇನೂ ಬದಲ್ ಮಾಡಿಲ್ಲಲ್ಲ?"

"ದಿನಾ ಆ ತುದೀತನಕ ಹೋಗಿ, ನಿನಗಷ್ಟ ಯಾಕ ನರ್ಸು ಅಂತ ಅಕ್ಕನ ಕೂಡ ಜಗಳಾ ತಗೀತಿದ್ನಿರಿ," ಎಂದು ಬಸಲಿಂಗವ್ವ ಗೋಡೆಯ ಕಡೆ ಹೊರಳಿದಳು. "ಆ ನರ್ಸನ್ನ ನೀವ ಬಿಡಿಸಿದ್ರಿ. ಈಗ ಯಾತಕ್ಕಂತ ಏಳ್ಲಿ?"