ಬೇಡವೆಂದ ರಕ್ತ

ಸ್ಪಿರಿಟ್ ವಾಸನೆ ಬಂದರೆ ಈಗಲೂ ಪುಣೆಯ ಆ ಆಸ್ಪತ್ರೆಯ ಮಧ್ಯಾಹ್ನ ನೆನಪಾಗುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಅತ್ತೆ, ಅಪ್ಪನ ತಂಗಿ, ಸಾಯುವಂತಿದ್ದಳು. ಕೂಡಲೇ ರಕ್ತ ಕೊಡಬೇಕು ಎಂದಿದ್ದರು ಡಾಕ್ಟರು. ಅವಳೂ ಮಾವನೂ ಹೊಸದಾಗಿ, ಬೇರೆಯವರ ರಕ್ತ ಪಡೆಯಬಾರದೆನ್ನುವ ಕ್ರೈಸ್ತ ಸಭೆಯೊಂದನ್ನು ಸೇರಿದ್ದರು.

"ರಕ್ತ ತಿನ್ನಬಾರ್ದಂತ ಬೈಬಲ್‌ನಾಗ ಅದ ರೀ," ಎಂದ ಮಾವ.

"ತಿನ್ನಂತ ಯಾರಂದ್ರಲೇ? ಸೂಜೀಲೆ ಏರಸ್ತಾರ!" ಅಪ್ಪ ಅವನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ.

"ಬಾಯಿಲೆ ಆದ್ರೇನು, ಸೂಜೀಲೆ ಆದ್ರೇನ್ರೀ..." ಮಾವನ ತುಟಿ ಒಡೆದು ಅಂಗಿಯೆಲ್ಲ ಕೆಂಪಾಯಿತು. ಅಷ್ಟು ಕೆಂಪನ್ನು ಆಮೇಲೆ ನೆನಪಿಗೆ ನಾನೇ ಸೇರಿಸಿಕೊಂಡೆನೋ ಏನೋ.

"ಅವರನ್ನ ಬಡೀಬ್ಯಾಡಣ್ಣಾ, ಬ್ಯಾಡಂದಾಕಿ ನಾನು," ಎಂದಳು ಅತ್ತೆ.

ಅಪ್ಪ ಅವಳ ಕೆನ್ನೆಗೂ ಹೊಡೆದ. ಹೊಡೆದ ಕೈಯನ್ನೇ ಮರಾಠಿ ನರ್ಸ್ ಮುಂದೆ ಚಾಚಿ, "ನಂದು ತಗೋರಿ," ಎಂದು ಕನ್ನಡದಲ್ಲೇ ಕೂಗಿದ. ನರ್ಸ್ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡೇ ಬೇಡವೆಂದು ತಲೆ ಅಲ್ಲಾಡಿಸಿದಳು.