ನಾಲ್ಕು ಮನೆ ದಾಟಿ ಬಂದವಳು

ಮೂರನೆಯ ಸಲ ಬಾಗಿಲು ತಟ್ಟಿದ ಸದ್ದು ಕೇಳಿದಾಗ ಟೈಲರಕ್ಕ ಎದ್ದು ದೀಪ ಆರಿಸಿದಳು.

“ಅಕ್ಕಾ, ನಾನೇ. ಬಾಗಿಲು ತೆಗಿ. ಒಬ್ಬಳೇ ಇದ್ದೀನಿ.”

ಬೀದಿಯ ಕೊನೆಯ ಮನೆಯ ನರ್ಸಿನ ದನಿ. ಅನುಮಾನವೇ ಇಲ್ಲ. ಸಂಜೆ ಪಾಳಿ ಮುಗಿಸಿ ಹತ್ತು ಗಂಟೆಯ ಬಸ್ಸಿಗೆ ಬರುವವಳು. ರಜೆ ಸಿಕ್ಕಾಗಲೆಲ್ಲ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ವಾರ್ಡಿನ ಕಥೆಗಳನ್ನು ಹೇಳಿ, ಹೊಟ್ಟೆ ಹುಣ್ಣಾಗುವಷ್ಟು ನಗಿಸಿ ಹೋಗುವವಳು.

ಟೈಲರಕ್ಕನ ಕೈ ಚಿಲಕದವರೆಗೂ ಹೋಯಿತು. ಅಲ್ಲೇ ನಿಂತಿತು.

ಆ ತಿಂಗಳು ಬಡಾವಣೆಯಲ್ಲಿ ಐದು ಸುಲಿಗೆಗಳಾಗಿದ್ದವು. ಬೀದಿದೀಪಗಳಲ್ಲಿ ಅರ್ಧ ಕೆಟ್ಟಿದ್ದವು. ಹಿಂದಿನ ಬೀದಿಯ ಔಷಧಿ ಅಂಗಡಿಯವನನ್ನು ಶಟರ್ ಎಳೆಯುತ್ತಿದ್ದಾಗಲೇ ಹಿಡಿದು ಬಡಿದಿದ್ದರು. ಗಂಡನಿಗೆ ರಾತ್ರಿ ಬಸ್ಸಿನ ಡ್ಯೂಟಿ. ಒಳಗೆ ಸೊಂಟ ಮುರಿದುಕೊಂಡು ಮಲಗಿದ್ದ ಅತ್ತೆ. ಈ ಹುಡುಗಿಯನ್ನು ಯಾರಾದರೂ ಅಟ್ಟಿಸಿಕೊಂಡು ಬಂದಿದ್ದರೆ? ಬಾಗಿಲು ತೆಗೆದ ಗಳಿಗೆಯಲ್ಲೇ ಅವನೂ ನುಗ್ಗಿದರೆ?

“ಅಕ್ಕಾ...” ಈ ಸಲ ದನಿ ತೀರಾ ಸಣ್ಣದಾಗಿತ್ತು.

ಟೈಲರಕ್ಕ ಕೈ ಹಿಂದಕ್ಕೆಳೆದುಕೊಂಡಳು. ಉಸಿರು ಬಿಗಿಹಿಡಿದು ನಿಂತಳು.

ಆಮೇಲೆ ಧೊಪ್ಪನೆ ಬಿದ್ದ ಸದ್ದು. ಒಂದು ಚೀತ್ಕಾರ. ಓಡಿಹೋದ ಹೆಜ್ಜೆಗಳು. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದವು. ಟೈಲರಕ್ಕನ ಬಾಗಿಲು ತೆರೆದದ್ದು ಎಲ್ಲಕ್ಕಿಂತ ಕೊನೆಗೆ.

ನರ್ಸ್ ಮೆಟ್ಟಿಲ ಕೆಳಗೆ ಬಿದ್ದಿದ್ದಳು. ಬಲಗೈ ವಿಚಿತ್ರವಾಗಿ ಮಡಚಿಕೊಂಡಿತ್ತು. ಚೀಲ ಇರಲಿಲ್ಲ, ಸರ ಇರಲಿಲ್ಲ. ಕುತ್ತಿಗೆಯ ಮೇಲೆ ತೆಳ್ಳನೆಯ ಕೆಂಪು ಗೀರು. ಸರ ಕಿತ್ತ ರಭಸಕ್ಕೆ ಆದದ್ದು ಎಂದರು ಜನ. ಟೈಲರಕ್ಕನ ಮುಖ ಕಂಡದ್ದೇ ತಡ, ಅವಳು ಕಣ್ಣು ಮುಚ್ಚಿಕೊಂಡಳು.

ಮರುದಿನ ಇನ್ಸ್‌ಪೆಕ್ಟರ್ ಬಂದ.

“ಏನಮ್ಮಾ, ನಿಮ್ಮ ಮೆಟ್ಟಿಲ ಮೇಲೇ ಆಗಿದೆ. ಏನೂ ಕೇಳಿಸಲಿಲ್ವಾ?”

“ಇಲ್ಲ ಸಾರ್. ಮಿಷನ್ ತುಳೀತಾ ಇದ್ದೆ.”

“ಬಾಗಿಲು ಗೀಗಿಲು ತಟ್ಟಿದ್ಲಾ?”

“ಗೊತ್ತಾಗಲಿಲ್ಲ ಸಾರ್.”

ಅವನು ತಲೆ ಕೆರೆದುಕೊಂಡ. “ಅವಳನ್ನ ಕೇಳಿದ್ರೂ ಏನೂ ನೆನಪಿಲ್ಲ ಅಂತಾಳೆ.”

ಟೈಲರಕ್ಕನಿಗೆ ಅನಿಸಿತು: ಕೈ ಮುರಿದುಕೊಂಡು ಬಿದ್ದಿರುವವಳು ಬಾಗಿಲು ತೆಗೆಯದ ತನ್ನ ಮಾನ ಕಾಯುತ್ತಿದ್ದಾಳೆ!

ಇನ್ಸ್‌ಪೆಕ್ಟರ್ ಹೊರಟಮೇಲೆ ಅತ್ತೆ ಮಂಚದಿಂದಲೇ ಕೂಗಿದಳು. “ನನಗೆ ಕಿವಿ ಮಂದ ಅಂತ ಬೀದಿಗೆಲ್ಲಾ ಗೊತ್ತು ಕಣೇ. ನನಗೇ ಕೇಳಿಸ್ತು. ನಿನ್ನ ಕಿವಿಗೇನಾಗಿತ್ತು?”

ಟೈಲರಕ್ಕ ಹೋಗಿ ಮಿಷನ್ನಿನ ಮುಂದೆ ಕೂತಳು. ಆ ದಿನ ಹೊಲಿದ ಅಂಗಿಯ ಎಡತೋಳು ಬಲಕ್ಕೆ ಕೂತಿತ್ತು. ಬಿಚ್ಚಿ ಹೊಲಿದಳು. ಮತ್ತೆ ಹಾಗೇ ಆಯಿತು.

ಅವಳನ್ನು ತಿನ್ನುತ್ತಿದ್ದದ್ದು ಒಂದು ಲೆಕ್ಕ. ಬಸ್‌ಸ್ಟಾಪಿನಿಂದ ಬರುವಾಗ ಮೊದಲು ಸಿಗುವುದು ನಿವೃತ್ತ ಪೊಲೀಸಿನವನ ಮನೆ. ಅದರ ಪಕ್ಕದಲ್ಲೇ ನರ್ಸಿನ ಸೋದರಮಾವನ ಮನೆ. ಅಂದು ರಾತ್ರಿ ಅಲ್ಲಿ ಹನ್ನೊಂದರವರೆಗೂ ದೀಪ ಉರಿಯುತ್ತಿತ್ತಂತೆ. ಅವೆರಡನ್ನೂ, ಆಮೇಲಿನ ಎರಡು ಮನೆಗಳನ್ನೂ ದಾಟಿ ಹುಡುಗಿ ತನ್ನ ಬಾಗಿಲಿಗೆ ಬಂದಿದ್ದಳು. ಸ್ವಂತ ಮಾವನಿಗಿಂತ ತನ್ನನ್ನು ನಂಬಿದ್ದಳು. ತಾನೋ, ದೀಪ ಆರಿಸಿದ್ದಳು.

ನರ್ಸ್ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಟೈಲರಕ್ಕ ನೋಡಲು ಹೋದಳು. “ಮಲಗಿದ್ದಾಳಮ್ಮ” ಎಂದರು ಅವಳ ತಾಯಿ. ಎರಡನೆಯ ಸಲವೂ ಅದೇ ಮಾತು. ಆದರೆ ವಾಪಸು ಹೊರಟಾಗ ಕಿಟಕಿಯ ಪರದೆ ಅಲುಗಿತು.

ಅವಳಿಗೆ ತನ್ನ ಮುಖ ನೋಡಲೂ ಇಷ್ಟವಿಲ್ಲ. ಇಷ್ಟ ಯಾಕಾದರೂ ಇರಬೇಕು? ಟೈಲರಕ್ಕ ತಲೆ ತಗ್ಗಿಸಿ ಮನೆಗೆ ನಡೆದಳು.

ಅಂದು ರಾತ್ರಿ ಗಂಡನಿಗೂ ಹೇಳದೆ ಕೂತು ಎರಡು ಕುಪ್ಪಸ ಹೊಲಿದಳು. ಪ್ಲಾಸ್ಟರ್ ಹಾಕಿದ ಕೈ ಎತ್ತದೆಯೇ ತೊಡುವಂತೆ, ಹೆಗಲಿಂದ ಮಣಿಕಟ್ಟಿನವರೆಗೆ ತೋಳು ಸೀಳಿ, ಉದ್ದಕ್ಕೂ ಟಿಚ್ ಬಟನ್ ಕೂರಿಸಿದಳು. ಬೆಳಿಗ್ಗೆ ಅವನ್ನು ಹಿಡಿದು ಹೋದವಳು ತಾಯಿಯ ಮಾತಿಗೆ ಕಾಯದೆ ನೇರ ಒಳಗೇ ನಡೆದಳು.

ನರ್ಸ್ ಎಚ್ಚರವಾಗೇ ಇದ್ದಳು. ಗೋಡೆಯ ಕಡೆ ತಿರುಗಿಕೊಂಡಳು.

“ನೀನು ಮಾತಾಡ್ಬೇಡ. ಬೈಬೇಕಂದ್ರೆ ಆಮೇಲೆ ಬೈಯಿ. ಮೊದಲು ನಾನು ಹೇಳ್ತೀನಿ,” ಟೈಲರಕ್ಕ ಮಂಚದ ಅಂಚಿಗೆ ಕೂತಳು. “ನನಗೆ ಕೇಳಿಸ್ತು ಕಣೇ. ಮೂರು ಸಲಾನೂ ಕೇಳಿಸ್ತು. ದೀಪ ಆರಿಸಿದ್ದೂ ನಾನೇ. ಪೊಲೀಸರ ಹತ್ರ ಸುಳ್ಳು ಹೇಳ್ದೆ. ಅಷ್ಟು ಮನೆ ಬಿಟ್ಟು ನನ್ನ ಹತ್ರ ಓಡಿ ಬಂದೆ, ನಾನು ನಿನ್ನ ಕೈಬಿಟ್ಟೆ. ಈ ಪಾಪ ಹೇಗೆ ತೊಳ್ಕೊಳ್ಳಲಿ ಹೇಳು.”

ಹುಡುಗಿ ಗೋಡೆಯ ಕಡೆಗೇ ಮಾತಾಡಿದಳು.

“ನೀನು ತೆಗೀದೇ ಇದ್ದದ್ದೇ ಒಳ್ಳೇದಾಯ್ತು ಅಕ್ಕ.”

“ಸಮಾಧಾನ ಮಾಡ್ಬೇಡ ಕಣೇ.”

“ಸಮಾಧಾನ ಅಲ್ಲ.” ಹುಡುಗಿ ಕೊನೆಗೂ ಈ ಕಡೆ ತಿರುಗಿದಳು. ಎರಡು ವಾರ ನಿದ್ದೆ ಕಾಣದ ಕಣ್ಣುಗಳು. “ನೀನು ಎರಡು ಸಲ ಬಂದೆ. ನನಗೇ ನಿನ್ನ ಮುಖ ನೋಡೋ ಧೈರ್ಯ ಆಗಲಿಲ್ಲ.”

“ನಿನಗ್ಯಾಕೆ ಧೈರ್ಯ ಬೇಕು?”

ನರ್ಸ್ ಬಾಗಿಲ ಕಡೆ ನೋಡಿದಳು. ತಾಯಿ ಅಲ್ಲಿಲ್ಲವೆಂದು ಖಾತ್ರಿಯಾದಮೇಲೆ ದನಿ ತಗ್ಗಿಸಿದಳು.

“ಬಸ್‌ಸ್ಟಾಪಲ್ಲೇ ಅವನು ನನ್ನ ಕುತ್ತಿಗೆಗೆ ಚಾಕು ಹಿಡಿದ. ‘ಈ ಹೊತ್ತಲ್ಲಿ ನೀನು ಕರೆದ್ರೆ ಯಾರು ಬಾಗಿಲು ತೆಗೀತಾರೆ, ತೋರಿಸು’ ಅಂದ. ನಾನು ನಿನ್ನ ಮನೆ ತೋರಿಸಿದೆ, ಅಕ್ಕ.”